ಕ್ಯಾಂಪಿನ ಮೊದಲ ಒಕ್ಕಲು

ಸಿಂಧನೂರು, ಕಾರಟಗಿ, ಗಂಗಾವತಿಯ ಸುತ್ತ ಎಷ್ಟೋ ಊರುಗಳ ಹೆಸರಿನ ಕೊನೆಗೆ 'ಕ್ಯಾಂಪ್' ಎಂದಿರುತ್ತದೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಕರಾವಳಿ ಆಂಧ್ರದಿಂದ ಬಂದ ರೈತರು ನೆಲೆ ನಿಂತ ತಾಣಗಳಿವು. ತಮ್ಮೂರ ತುಂಡು ಹೊಲ ಮಾರಿದ ಹಣಕ್ಕೆ ಇಲ್ಲಿ ಅದರ ಹಲವು ಪಟ್ಟು ಭೂಮಿ ಸಿಗುತ್ತಿತ್ತು. ಗುಡಿಸಲು ಹಾಕಿ, ಜಾಲಿ ಕಡಿದು, ಎರೆ ಭೂಮಿಯನ್ನು ಮಟ್ಟ ಮಾಡಿ ಅವರು ಭತ್ತ ನಾಟಿ ಮಾಡಿದರು. ಆ ದುಡಿಮೆ ಸಣ್ಣದಲ್ಲ. ಆದರೆ ಬೀಳು ನೆಲವನ್ನು ಬರೀ ಬೆವರು ಗದ್ದೆಯಾಗಿಸಿತು ಎಂಬ ಮಾತು ಅರ್ಧ ಸತ್ಯ.

ಅದು ಬೀಳು ನೆಲವಾಗಿರಲಿಲ್ಲ. ಹಿಂಗಾರಿ ಜೋಳ, ಹತ್ತಿ ಬೆಳೆಯುವ ಒಕ್ಕಲುತನ ಅಲ್ಲಿ ಮೊದಲೇ ಇತ್ತು. ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯನ್ನು ಯೋಜಿಸಿದ್ದೂ ಬಹುಪಾಲು ಇಂಥ ಕಡಿಮೆ ನೀರಿನ ಬೆಳೆಗಳಿಗೇ. ನೀರನ್ನು ತೆಳುವಾಗಿ ಹಂಚಿ ಹೆಚ್ಚು ಹಳ್ಳಿಗಳನ್ನು ಬರದಿಂದ ಕಾಯುವುದು ಗುರಿ. ಮೇಲ್ಭಾಗದಲ್ಲಿ ಭತ್ತ ಹಬ್ಬಿದಂತೆ ಆ ಲೆಕ್ಕ ತಪ್ಪಿತು. ಮಾನ್ವಿ, ರಾಯಚೂರಿನ ಕೊನೆಯ ಭಾಗದ ರೈತರಿಗೆ ನೀರಿಗಾಗಿ ಕಾಯುವುದೇ ರೂಢಿಯಾಯಿತು.

ವಲಸಿಗರಿಗೆ ನೀರಾವರಿ ಗೊತ್ತಿತ್ತು, ಸ್ಥಳೀಯರಿಗೆ ಗೊತ್ತಿರಲಿಲ್ಲ ಎನ್ನುವವರಿದ್ದಾರೆ. ವಲಸಿಗರ ನಾಡಿನ ಗೋದಾವರಿಗೆ ಧವಳೇಶ್ವರಂ ಅಣೆಕಟ್ಟು ಬಂದದ್ದು 1852ರ ಹೊತ್ತಿಗೆ. ನೂರು ವರ್ಷದ ಅನುಭವ ಅವರ ಬೆನ್ನಿಗಿತ್ತು, ನಿಜ. ಆದರೆ ಮಳೆ ನೆಚ್ಚಿ ಜೋಳ ತೆಗೆಯುವುದೂ ವಿದ್ಯೆಯೇ. ಇಲ್ಲಿಯವರಿಗೆ ಕೊರತೆಯಿದ್ದದ್ದು ಹೊಲ ಮಟ್ಟ ಮಾಡಿಸುವ ಬಂಡವಾಳದ್ದು. ಹಾಗಾದರೆ ತಪ್ಪೆಲ್ಲ ವಲಸಿಗರದೇ? ಅದೂ ಅಲ್ಲ. ಕಾಲುವೆ ಮೇಲ್ಭಾಗದಲ್ಲಿ ಭೂಮಿ ಇದ್ದ ಸ್ಥಳೀಯರೂ ಭತ್ತಕ್ಕೇ ತಿರುಗಿದರು; ಕಡಿಮೆ ನೀರಿನ ಬೆಳೆಯ ನಿಯಮ ಬರೆದ ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. ಗುಜರಾತಿನ ತಾಪಿ ನದಿಯನ್ನೇ ನೋಡಿ. ಅದರ ಮೇಲಿನ ಕಾಕ್ರಾಪಾರ್ ಮತ್ತು 1972ರಲ್ಲಿ ಮುಗಿದ ಉಕಾಯಿ ಅಣೆಕಟ್ಟುಗಳ ನೀರು ಸೂರತ್ ಜಿಲ್ಲೆಗೆ ಕಬ್ಬು ತಂದಿತು. ಅಲ್ಲಿ ಗದ್ದೆಯ ಒಡೆಯರು ಹೊರಗಿನವರಲ್ಲ, ಆದರೂ ಕಬ್ಬು ಕಡಿಯಲು ಮಹಾರಾಷ್ಟ್ರದ ಖಾನ್ದೇಶದಿಂದ ಕೂಲಿಗಳು ಗುಳೆ ಬರುತ್ತಾರೆ. ಅಂದರೆ ಕಾಲುವೆಯ ಲಾಭ ಯಾರ ಪಾಲಾಗುತ್ತದೆ ಎಂಬುದನ್ನು ನಿರ್ಧರಿಸುವುದು ಹುಟ್ಟೂರಲ್ಲ. ತೂಬಿನ ಹತ್ತಿರ ಭೂಮಿ, ಕೈಯಲ್ಲಿ ಹಣ. ಕ್ಯಾಂಪಿನ ಮೊದಲ ಒಕ್ಕಲಿನ ಚರಿತ್ರೆ ಬರೆಯುವವರು ಅವನ ಗದ್ದೆಯ ಇಳುವರಿಯ ಜತೆಗೆ ಕಾಲುವೆಯ ಕೊನೆಗೆ ತಲುಪದ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು.