ಪಂಢರಪುರದ ಸಣ್ಣ ರೈಲು



ನಾನು ಭಾಷಣಕಾರನಲ್ಲ, ಅಂಗಡಿಕಾರ. ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಸಮಿತಿಯವರ ಅಪ್ಪಣೆಯಂತೆ, ನಾವೆಲ್ಲ ಕಂಡು ಮರೆಯುತ್ತಿರುವ ಸಣ್ಣ ರೈಲಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಕಾಯಕ ಮಾಡಿದ, ದಾಮಾಜಿಪಂತರು ಬರಗಾಲದಲ್ಲಿ ಕಣಜ ತೆರೆದ ಊರು ನಮ್ಮ ಮಂಗಳವೇಢೆ. ಇಷ್ಟು ಹೆಸರಿದ್ದರೂ ನಮಗೆ ರೈಲು ಬರಲಿಲ್ಲ. ಸುಮಾರು 25 ಕಿಲೋಮೀಟರ್ ದೂರದ ಪಂಢರಪುರದ ನಿಲ್ದಾಣವೇ ನಮ್ಮ ನಿಲ್ದಾಣವಾಗಿತ್ತು.

ಬಾರ್ಶಿ ಲೈಟ್ ರೈಲ್ವೆಯನ್ನು ಕಟ್ಟಿಸಿದವರು ಕಾಲ್ತ್ರಾಪ್ ಎಂಬ ಇಂಗ್ಲಿಷ್ ಇಂಜಿನಿಯರರು. ಹಳಿಗಳ ನಡುವೆ ಎರಡೂವರೆ ಅಡಿ ಅಂತರ. ಒಂದೊಂದು ಅಚ್ಚಿನ ಮೇಲೆ 5 ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ಗಾಡಿಗಳನ್ನು ಮಾಡಿಸಿದ್ದರಿಂದ ಹಗುರವಾದ ಹಳಿಗಳೇ ಸಾಕಾದವು, ಖರ್ಚೂ ಉಳಿಯಿತು. 1897ರಲ್ಲಿ ಕುರ್ಡುವಾಡಿಯಿಂದ ಬಾರ್ಶಿಗೆ ಆರಂಭವಾದ ಈ ರೈಲು 1906ರಲ್ಲಿ ಪಂಢರಪುರಕ್ಕೆ, 1911ರಲ್ಲಿ ಲಾತೂರಿಗೆ, 1927ರಲ್ಲಿ ಮಿರಜಿಗೆ ಮುಟ್ಟಿತು. 1954ರಲ್ಲಿ ಸರ್ಕಾರದ ವಶವಾಯಿತು.

ಮಿರಜ ಮಾರ್ಗವು ಜತ್ತ ಸೀಮೆಯ ಕನ್ನಡಿಗರನ್ನು ಪಂಢರಪುರಕ್ಕೆ ಹತ್ತಿರ ಮಾಡಿತು. ವಾರಕರಿಗಳ ಜೊತೆ ಜೋಳದ ಚೀಲ, ಬೀಗರು, ಮದುಮಕ್ಕಳು ಎಲ್ಲರೂ ಅದರಲ್ಲೇ ಬಂದರು. ನನ್ನ ಅವ್ವ ಜತ್ತ ತಾಲೂಕಿನವಳು. ಮದುವೆಯಾದ ಮೇಲೆ ಜತ್ತ ರೋಡ ನಿಲ್ದಾಣದಲ್ಲಿ ಈ ರೈಲು ಹತ್ತಿ ನಮ್ಮ ಮನೆಗೆ ಬಂದಳು. "ತವರು ಬಿಟ್ಟ ದುಃಖದಾಗ ಅಳಾಕತ್ತಿದ್ದೆ. ಗಾಡಿ ಎಷ್ಟು ಮೆಲ್ಲಗ ಹೋತಂದ್ರ, ಪಂಢರಪುರ ಬರೂದ್ರಾಗ ಅಳು ತೀರಿ ಹಸಿವಾಗಿತ್ತು" ಎಂದು ನಗುತ್ತಿದ್ದಳು.

ಕುರ್ಡುವಾಡಿ–ಪಂಢರಪುರ ಮಾರ್ಗ 2001ರಲ್ಲಿ ಬ್ರಾಡ್‌ಗೇಜ್ ಆಯಿತು. ಮಿರಜ ಕಡೆಯ ಹಳಿಯನ್ನೂ ಬದಲಿಸುವ ಸುದ್ದಿ ಬಂದಾಗ ಅವ್ವ, "ಒಮ್ಮೆ ಅದೇ ಗಾಡ್ಯಾಗ ತವರಿಗೆ ಕರ್ಕೊಂಡು ಹೋಗಪ್ಪಾ" ಅಂದಳು. ನಾನು ಹಬ್ಬದ ವ್ಯಾಪಾರ ಮುಗಿಯಲಿ ಅಂದೆ, ಆಮೇಲೆ ಜಾತ್ರೆ ಮುಗಿಯಲಿ ಅಂದೆ. ಅಷ್ಟರಲ್ಲಿ ಸಣ್ಣ ಗಾಡಿ ನಿಂತಿತು. 2011ರಲ್ಲಿ ಅಲ್ಲಿಯೂ ದೊಡ್ಡ ರೈಲು ಬಂತು. ಅದನ್ನು ನೋಡಲು ಅವ್ವ ಇರಲಿಲ್ಲ.

ದೊಡ್ಡ ರೈಲು ಬೇಕೇ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳಿ ಕಿತ್ತ ಹಾಗೆ ನೆನಪನ್ನೂ ಕೀಳಬಾರದು. ತಮ್ಮ ಮನೆಗಳಲ್ಲಿ ಆ ರೈಲಿನ ಹಳೆಯ ಟಿಕೀಟು, ಫೋಟೋ ಇದ್ದರೆ ದಯವಿಟ್ಟು ಜೋಪಾನ ಮಾಡಿರಿ. ಮನೆಯ ಹಿರಿಯರು ಏನಾದರೂ ಕೇಳಿದರೆ ಅಂಗಡಿಯ ಬಾಗಿಲು ಹಾಕಿಯಾದರೂ ನಡೆಸಿಕೊಡಿರಿ.