ಅಂಗೈಯೊಳಗಿನ ವಿಗ್ರಹ

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಪೂಜ್ಯರು ಅಪ್ಪಣೆ ಕೊಡಿಸಿದ್ದು)



ನಿನ್ನೆ ಇದೇ ವೇದಿಕೆಯ ಮೇಲೆ ಒಬ್ಬ ಪಾದ್ರಿಗಳು ಮಾತನಾಡಿದರು. ಪ್ರಸಾದದ ಹೊತ್ತಿನಲ್ಲಿ ನಾವು ಅವರನ್ನು ಕೇಳಿದೆವು: “ನಿಮ್ಮ ದಶಾಜ್ಞೆಗಳಲ್ಲಿ ವಿಗ್ರಹಪೂಜೆ ಕೂಡದೆಂದಿದೆ. ಈಗ ನಿಮ್ಮವರಲ್ಲಿ ಆ ಕಾಟ ಉಂಟೋ?” ಅವರು ನಕ್ಕು, “ಉಂಟು ಸ್ವಾಮೀಜಿ. ಕಲ್ಲಿನದಲ್ಲ, ಕಿಸೆಯಲ್ಲಿರುವಂಥದು” ಎಂದರು.

ಅವರ ಬೈಬಲ್ಲಿನಲ್ಲಿ ಚಿನ್ನದ ಕರುವಿನ ಕಥೆ ಪ್ರಸಿದ್ಧವಾದದ್ದು. ನಮ್ಮ ಮನಸ್ಸನ್ನು ಹಿಡಿದದ್ದು ತಾಮ್ರದ ಸರ್ಪದ ಕಥೆ. ಇಸ್ರಾಯೇಲ್ ಜನ ಮೋಶೆಯ ಹಿಂದೆ ಅರಣ್ಯದಲ್ಲಿ ನಡೆಯುತ್ತ ಗೊಣಗಿದರು. ವಿಷಸರ್ಪಗಳು ಬಂದು ಕಚ್ಚಿದವು. ಮೋಶೆಯು ದೇವರ ಅಪ್ಪಣೆಯಂತೆಯೇ ತಾಮ್ರದ ಸರ್ಪವೊಂದನ್ನು ಮಾಡಿ ಕಂಬದ ಮೇಲಿಟ್ಟನು. ಕಚ್ಚಿಸಿಕೊಂಡವರು ಅದನ್ನು ನೋಡಿ ಬದುಕಿದರು. ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು; ಮುಗಿಯಲಿಲ್ಲ. ಶತಮಾನಗಳು ಕಳೆದು, ಇಂದಿಗೆ ಸುಮಾರು 2700 ವರ್ಷಗಳ ಹಿಂದೆ, ಹಿಜ್ಕೀಯನೆಂಬವನು ಯೆರೂಸಲೇಮಿನಲ್ಲಿ ಅರಸನಾದಾಗ ಜನ ಆ ಸರ್ಪಕ್ಕೆ ಧೂಪ ಹಾಕುತ್ತಿದ್ದರು. ಹಿಜ್ಕೀಯನು ಅದನ್ನು ಚೂರುಚೂರು ಮಾಡಿಸಿದನು.

ಅನ್ಯರ ದೇವರನ್ನು ಒಡೆಯಲು ಎಂಥವನೂ ಮುಂದಾಗುತ್ತಾನೆ. ಇದು ಹಾಗಲ್ಲ. ಮೋಶೆಯ ಕೈಯಿಂದ ಆದದ್ದು, ಪ್ರಾಣ ಉಳಿಸಿದ್ದು, ಹಿರಿಯರು ಕಾಪಾಡಿಕೊಂಡು ಬಂದದ್ದು. ಆ ಅರಸನಿಗೆ ಎಷ್ಟು ಜನ ಶಾಪ ಹಾಕಿರಬೇಕು! ಸರ್ಪದಲ್ಲಿ ದೋಷವಿರಲಿಲ್ಲ. ಕೊಟ್ಟವನನ್ನು ಬಿಟ್ಟು ಕೊಟ್ಟ ವಸ್ತುವಿಗೇ ಮನಸ್ಸು ಅಂಟಿತ್ತು.

ಈ ಅಂಟು ಈಗ ಎಲ್ಲಿಗೆ ಬಂದಿದೆ? 2025ರಲ್ಲಿ ತೀರಿಕೊಂಡ ಪೋಪ್ ಫ್ರಾನ್ಸಿಸ್ ಅವರು 2017ರ ನವೆಂಬರಿನಲ್ಲಿ ಒಂದು ಉಪದೇಶ ಮಾಡಿದರು. ಪೂಜೆಯ ನಡುವೆ ಹೃದಯಗಳನ್ನು ಮೇಲಕ್ಕೆತ್ತಿರೆಂದು ಗುರುಗಳು ಕರೆದರೆ ಜನ ಮೊಬೈಲು ಎತ್ತುತ್ತಾರೆ ಎಂದು ಸಂಕಟಪಟ್ಟರು. ಭಕ್ತರಷ್ಟೇ ಅಲ್ಲ, ಗುರುಗಳೂ ಬಿಷಪ್ಪರೂ ಎತ್ತುತ್ತಾರೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ತಮ್ಮವರನ್ನೂ ಬಿಡಲಿಲ್ಲ, ಅದು ದೊಡ್ಡದು.

ನಗಬೇಡಿರಿ, ಈಗ ನಮ್ಮ ಸರದಿ. ಬಸವಣ್ಣನವರು ಸ್ಥಾವರದ ಗೋಜು ಬಿಡಿಸಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟರು. ಎಡ ಅಂಗೈಯಲ್ಲಿ ಲಿಂಗ, ಅದರಲ್ಲಿ ನೆಟ್ಟ ದೃಷ್ಟಿ, ಸುತ್ತಲಿನದರ ಮರೆವು. ಇಂದು ಅದೇ ಅಂಗೈ, ಅದೇ ನೆಟ್ಟ ದೃಷ್ಟಿ, ಅದೇ ಮರೆವು. ಲಿಂಗ ಮಾತ್ರ ಕರಡಿಗೆಯೊಳಗೆ! ಏಕಾಗ್ರತೆ ಬರುವುದಿಲ್ಲ ಅಪ್ಪಾ ಎಂದು ನಮ್ಮೆದುರು ಅಳುತ್ತೀರಿ. ಏಕಾಗ್ರತೆ ಬೇಕಾದಷ್ಟಿದೆ, ಕೊಟ್ಟದ್ದು ಎಲ್ಲಿಗೆ ಎಂಬುದೇ ಪ್ರಶ್ನೆ.

ಮಠವೇನು ಕಡಿಮೆಯೇ? ಊರ ಅಗಸಿಯಲ್ಲಿ ಕಟ್ಟಿದ ಫ್ಲೆಕ್ಸಿನಲ್ಲಿ ನಮ್ಮ ಮುಖ ಆಳೆತ್ತರವಿದೆ, ಬಸವಣ್ಣನವರು ಮೂಲೆಯಲ್ಲಿ ಅಂಗೈಯಷ್ಟು. ಕಟ್ಟಿದವರ ಭಕ್ತಿಯನ್ನು ನಾವು ಬಲ್ಲೆವು, ಅವರು ನೊಂದುಕೊಳ್ಳಬಾರದು. ಆದರೆ ಬರುವಾಗ ಅದನ್ನು ಕಂಡು ನಮಗೂ ಒಂದು ಗಳಿಗೆ ಹಿತವೆನಿಸಿತು. ಅದನ್ನು ಮುಚ್ಚಿಡುವುದು ಬೇಡ. ಇಳಿಸಲು ಹೇಳಿಕಳುಹಿಸಿದ್ದೇವೆ.

ನಾಳೆ ಬೆಳಿಗ್ಗೆ ಆರು ಗಂಟೆಗೆ ಸಾಮೂಹಿಕ ಇಷ್ಟಲಿಂಗ ಪೂಜೆ. ಬಾಗಿಲಲ್ಲಿ ಒಂದು ಬುಟ್ಟಿ ಇಟ್ಟಿರುತ್ತಾರೆ. ಮೊದಲು ನಮ್ಮ ಫೋನು ಅದರಲ್ಲಿ ಬೀಳುತ್ತದೆ. ನಿಮ್ಮವನ್ನೂ ಹಾಕಿ ಒಳಗೆ ಬನ್ನಿರಿ. ಪೂಜೆಯ ಫೋಟೋ ಯಾರೂ ತೆಗೆಯುವುದಿಲ್ಲ.