ಮಗುವಿನ ಕಿವಿ, ಮಗುವಿನ ಕೈ



ಹೇಳುವುದು ಹಿರಿಯರ ಕೆಲಸ, ಕೇಳುವುದು ಮಕ್ಕಳ ಕೆಲಸ ಎಂದು ನಾವೆಲ್ಲರೂ ನಂಬಿಕೊಂಡು ಬಂದಿದ್ದೇವೆ. ಈ ಹೊತ್ತು ನಾವು ಹೇಳಬೇಕೆಂದಿರುವ ಸಂಗತಿ ಅದಕ್ಕೆ ಸ್ವಲ್ಪ ವ್ಯತಿರಿಕ್ತವಾದದ್ದು. ದೊಡ್ಡವರು ಎಷ್ಟು ಹೆಣಗಿದರೂ ಕೈಗೂಡದ, ಮಕ್ಕಳು ಮಾತ್ರ ಆಟವಾಡುತ್ತಾಡುತ್ತಲೇ ಮಾಡಿ ಮುಗಿಸುವ ಕೆಲಸವೊಂದಿದೆ. ಮರ ಹತ್ತುವುದು, ಬೆಳಗಿನ ಜಗಳವನ್ನು ಸಂಜೆಗೆ ಮರೆಯುವುದು, ಇವನ್ನೆಲ್ಲ ಎಲ್ಲರೂ ಹೇಳುತ್ತಾರೆ, ಅದು ಹಾಗಿರಲಿ. ನಾವು ಹೇಳಹೊರಟಿರುವುದು ಭಾಷೆಯ ವಿಷಯ.

ಕನ್ನಡ ಕಲಿಯಲು ಬಂದ ಒಬ್ಬ ಆಂಗ್ಲರಿಗೆ “ಕಟ್ಟೆಯ ಮೇಲೆ ಕತ್ತೆ ನಿಂತಿದೆ” ಎಂದು ಹೇಳಿಕೊಡಿ ನೋಡೋಣ. ಕತ್ತೆಯ ಮೇಲೆ ಕಟ್ಟೆ ನಿಂತರೂ ಅವರಿಗೆ ಗೊತ್ತಾಗುವುದಿಲ್ಲ! ನಾಲಗೆ ತಿರುಗುವುದಿಲ್ಲ ಎಂದು ನಾವು ನಗುತ್ತೇವೆ. ತಿರುಗದಿರುವುದು ನಾಲಗೆ ಮಾತ್ರವಲ್ಲ, ಕಿವಿಯೂ ಹೌದು. ನಮ್ಮ ‘ತ’ ಮತ್ತು ‘ಟ’ ಅವರ ಕಿವಿಗೆ ಒಂದೇ ಅಕ್ಷರ. ಅವರನ್ನು ನೋಡಿ ಬಹಳ ನಗುವುದೂ ಬೇಡ. ಇಂಗ್ಲಿಷಿನ ವೀ ಮತ್ತು ಡಬ್ಲ್ಯೂ ಎಂಬ ಎರಡು ಅಕ್ಷರಗಳ ಉಚ್ಚಾರ ಬೇರೆ ಬೇರೆಯೆಂದು ಅವರು ಹೇಳುತ್ತಾರೆ, ನಮಗೆ ಎರಡೂ ‘ವ’ ಎಂದೇ ಕೇಳಿಸುತ್ತವೆ.

ಈಗ ಕೇಳಿ. ೧೯೮೪ರಲ್ಲಿ ಕೆನಡಾ ದೇಶದ ಜಾನೆಟ್ ವರ್ಕರ್ ಎಂಬ ವಿದುಷಿಯೂ ರಿಚರ್ಡ್ ಟೀಸ್ ಎಂಬ ವಿದ್ವಾಂಸರೂ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಇಂಗ್ಲಿಷ್ ಮಾತ್ರ ಆಡುವ ಮನೆಗಳ ಹಸುಳೆಗಳನ್ನು ತಾಯಂದಿರ ತೊಡೆಯ ಮೇಲೆ ಕೂರಿಸಿ, ಹಿಂದಿಯ ದಂತ್ಯ ‘ತ’ವನ್ನೂ ಮೂರ್ಧನ್ಯ ‘ಟ’ವನ್ನೂ ಕೇಳಿಸಿದರು. ಒಂದೇ ಧ್ವನಿ ಮತ್ತೆ ಮತ್ತೆ ಬರುತ್ತಿರುತ್ತದೆ. ಧ್ವನಿ ಬದಲಾದ ಕೂಡಲೇ ಪಕ್ಕದ ಪೆಟ್ಟಿಗೆಯಲ್ಲಿ ಬೊಂಬೆಯೊಂದು ಬೆಳಕಾಗಿ ಕುಣಿಯುತ್ತದೆ. ಬದಲಾವಣೆ ಕೇಳಿಸಿದ ಮಗು ಬೊಂಬೆಯನ್ನು ನೋಡಲು ತಲೆ ತಿರುಗಿಸುತ್ತದೆ, ಕೇಳಿಸದ ಮಗು ಸುಮ್ಮನಿರುತ್ತದೆ. ಆರರಿಂದ ಎಂಟು ತಿಂಗಳ ಮಕ್ಕಳಲ್ಲಿ ಬಹುಪಾಲು ತಲೆ ತಿರುಗಿಸಿದವು. ತಂದೆತಾಯಿಗಳು ಜನ್ಮದಲ್ಲಿ ಗುರುತಿಸದ ಭೇದವನ್ನು ಹಲ್ಲು ಮೂಡದ ಕೂಸು ಗುರುತಿಸಿತು. ಅದೇ ಮನೆಗಳಂಥ ಮನೆಗಳಲ್ಲಿ ಹತ್ತು ಹನ್ನೆರಡು ತಿಂಗಳು ತುಂಬಿದ ಮಕ್ಕಳನ್ನು ನೋಡಿದರೆ, ತಲೆ ತಿರುಗಿಸುವವು ಬಹಳ ಕಡಿಮೆಯಾಗಿದ್ದವು. ಹಿಂದಿ ಆಡುವ ಮನೆಯ ಮಕ್ಕಳಲ್ಲಿ ಮಾತ್ರ ಆ ಶಕ್ತಿ ಉಳಿದೇ ಇತ್ತು.

ಕಿವಿ ಕೆಟ್ಟಿತೇ? ಇಲ್ಲ. ಕೂಸು ತನ್ನ ಮನೆಯಲ್ಲಿ ಬೇಕಾದುದನ್ನು ಇಟ್ಟುಕೊಂಡು, ಬೇಡವಾದುದನ್ನು ಕೇರಿ ಹಾಕಿತು. ಮೊರ ಹಿಡಿದು ಕೇರುವ ತಾಯಂದಿರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ. ಕೇರಿ ಹೋದದ್ದನ್ನು ದೊಡ್ಡವರಾದ ಮೇಲೆ ಆರಿಸಿ ತರಬಹುದು. ಆದರೆ ಬೆವರು ಸುರಿಸಬೇಕು, ತಂದದ್ದೂ ಪೂರ್ತಿಯಾಗಿರುವುದಿಲ್ಲ.

ಇದು ಕೇಳುವ ಮಕ್ಕಳ ಮಾತಾಯಿತು. ಕೇಳಿಸದ ಮಕ್ಕಳು ಏನು ಮಾಡಿದರೆಂಬುದು ಇದಕ್ಕಿಂತ ಆಶ್ಚರ್ಯದ ಕಥೆ.

ಮಧ್ಯ ಅಮೇರಿಕದಲ್ಲಿ ನಿಕರಾಗುವ ಎಂಬ ಸಣ್ಣ ದೇಶವಿದೆ. ಅಲ್ಲಿ ಹುಟ್ಟುಕಿವುಡ ಮಕ್ಕಳು ತಮ್ಮ ತಮ್ಮ ಮನೆಯ ಮೂಲೆಯಲ್ಲಿ ಬೆಳೆಯುತ್ತಿದ್ದರು. ಹಸಿವಾದರೆ ಹೊಟ್ಟೆ ತೋರಿಸುವುದು, ನೀರಿಗೆ ಬೊಗಸೆ ಮಾಡುವುದು, ಇಂಥ ಮನೆಸನ್ನೆ ಬಿಟ್ಟರೆ ಬೇರೆ ಭಾಷೆಯಿಲ್ಲ. ಒಂದು ಮನೆಯ ಸನ್ನೆ ಇನ್ನೊಂದು ಮನೆಗೆ ತಿಳಿಯದು. ೧೯೭೭ರಲ್ಲಿ ರಾಜಧಾನಿ ಮನಾಗುವದಲ್ಲಿ ವಿಶೇಷ ಶಿಕ್ಷಣದ ಶಾಲೆಯೊಂದು ತೆರೆಯಿತು. ಮೊದಲಿಗೆ ಬಂದ ಕಿವುಡ ಮಕ್ಕಳು ಸುಮಾರು ೫೦. ೧೯೭೯ರಲ್ಲಿ ಅಲ್ಲಿ ಕ್ರಾಂತಿಯಾಗಿ ಸರ್ಕಾರ ಬದಲಾಯಿತು. ೧೯೮೦ರಲ್ಲಿ ಹದಿಹರೆಯದವರಿಗೆಂದು ಕಸುಬಿನ ಶಾಲೆ ಆರಂಭವಾಯಿತು. ೧೯೮೩ರ ವೇಳೆಗೆ ಎರಡೂ ಕಡೆ ಸೇರಿ ೪೦೦ಕ್ಕೂ ಹೆಚ್ಚು ಮಂದಿ.

ಉಪಾಧ್ಯಾಯರು ಕಲಿಸಲು ಯತ್ನಿಸಿದ್ದು ಏನನ್ನು? ತುಟಿ ನೋಡಿ ಸ್ಪ್ಯಾನಿಷ್ ಗ್ರಹಿಸುವುದನ್ನು. ಪಾಪ, ಅವರ ಉದ್ದೇಶ ಒಳ್ಳೆಯದೇ. ಕೇಳಿಯೇ ಅರಿಯದ ಭಾಷೆಯನ್ನು ತುಟಿಯ ಮೇಲೆ ಓದೆಂದರೆ ಮಗು ಹೇಗೆ ಓದೀತು? ಪಾಠ ತಲೆಗೆ ಹತ್ತಲಿಲ್ಲ. ಆದರೆ ಗಂಟೆ ಹೊಡೆದು ಮಕ್ಕಳು ಅಂಗಳಕ್ಕಿಳಿದಾಗ, ಊರಿಗೆ ಹೋಗುವ ಬಸ್ಸಿನಲ್ಲಿ ಕುಳಿತಾಗ, ಕೈಗಳು ಆಡತೊಡಗಿದವು. ಒಬ್ಬನ ಮನೆಸನ್ನೆ ಇನ್ನೊಬ್ಬಳದರೊಡನೆ ಬೆರೆಯಿತು. ಅಷ್ಟಕ್ಕೇ ನಿಂತಿದ್ದರೆ ಅದೊಂದು ಹರಕುಮುರುಕು ವ್ಯವಹಾರವಾಗಿ ಉಳಿಯುತ್ತಿತ್ತು. ಮುಂದಿನ ವರ್ಷಗಳಲ್ಲಿ ನಾಲ್ಕು, ಐದು ವಯಸ್ಸಿನ ಹೊಸ ಮಕ್ಕಳು ಬಂದರು. ಅಣ್ಣಂದಿರ ಹರಕು ಸನ್ನೆಗಳನ್ನು ಆ ಚಿಕ್ಕವರು ಪೂರ್ಣ ಭಾಷೆಯೆಂದೇ ತಿಳಿದು ಕಲಿತರು; ಕಲಿಯುತ್ತ ಕಲಿಯುತ್ತ ಅದನ್ನು ಪೂರ್ಣಗೊಳಿಸಿಯೇ ಬಿಟ್ಟರು. ಕೊಟ್ಟದ್ದು ಸೇರು, ಪಡೆದದ್ದು ಪಡಿ ಎನ್ನುವುದು ಲೋಕರೂಢಿ. ಇಲ್ಲಿ ಕೊಟ್ಟದ್ದು ಪಡಿ, ಪಡೆದದ್ದು ಸೇರು!

ಉಪಾಧ್ಯಾಯರಿಗೆ ಆ ಕೈಮಾತು ಅರ್ಥವಾಗಲಿಲ್ಲ. ೧೯೮೬ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಜೂಡಿ ಕೆಗಲ್ ಎಂಬ ಅಮೇರಿಕದ ಭಾಷಾಶಾಸ್ತ್ರಜ್ಞೆಯನ್ನು ಕರೆಸಿತು. ಚಿಕ್ಕ ಮಕ್ಕಳ ಸನ್ನೆಯಲ್ಲಿ ಹಿರಿಯರ ಸನ್ನೆಯಲ್ಲಿಲ್ಲದ ವ್ಯಾಕರಣವಿರುವುದನ್ನು ಆಕೆ ಕಂಡರು. ವ್ಯಾಕರಣವೆಂದರೆ ಏನೆಂದು ಒಂದು ಉದಾಹರಣೆಯಿಂದ ಹೇಳುತ್ತೇವೆ. ಆನ್ ಸೆಂಗಸ್ ಎಂಬುವರೂ ಅವರ ಸಂಗಡಿಗರೂ ೨೦೦೪ರಲ್ಲಿ ಪ್ರಕಟಿಸಿದ ವಿಷಯ ಇದು. ಒಂದು ಬೆಕ್ಕು ದಪ್ಪ ಚೆಂಡನ್ನು ನುಂಗಿ ಇಳಿಜಾರು ಬೀದಿಯಲ್ಲಿ ಉರುಳಿಹೋಗುವ ವ್ಯಂಗ್ಯಚಿತ್ರವನ್ನು ತೋರಿಸಿ, ಕಂಡದ್ದನ್ನು ಹೇಳಿರೆಂದು ೩೦ ಮಂದಿ ಕಿವುಡರನ್ನು ಕೇಳಿದರು. ನಾವು ನೀವಾದರೆ ಹೇಗೆ ತೋರಿಸುತ್ತೇವೆ? ಕೈಯನ್ನು ಗಿರಗಿರ ತಿರುಗಿಸುತ್ತಲೇ ಕೆಳಗಿಳಿಸುತ್ತೇವೆ. ಸ್ಪ್ಯಾನಿಷ್ ಆಡುವವರ ಕೈಸನ್ನೆಯೂ ಹಾಗೆಯೇ ಇತ್ತು. ಶಾಲೆಯ ಮೊದಲ ತಂಡದವರೂ ಹೆಚ್ಚಾಗಿ ಹಾಗೆಯೇ ತೋರಿಸಿದರು. ಆಮೇಲಿನ ತಂಡಗಳವರು ಹೆಚ್ಚಾಗಿ ಅದನ್ನು ಎರಡಾಗಿ ಒಡೆದರು. ಮೊದಲು ‘ಉರುಳು’ ಎಂಬ ಸನ್ನೆ, ಅನಂತರ ‘ಇಳಿ’ ಎಂಬ ಸನ್ನೆ. ಕನ್ನಡದಲ್ಲಿ ನಾವೂ “ಉರುಳುತ್ತಾ ಇಳಿಯಿತು” ಎಂದು ಎರಡು ಮಾತಾಗಿಯೇ ಅಲ್ಲವೇ ಹೇಳುವುದು? ಒಡೆದದ್ದರಿಂದ ಲಾಭವೇನೆಂದರೆ, ಅದೇ ‘ಉರುಳು’ವನ್ನು ನಾಳೆ ಬೇರೊಂದು ಮಾತಿಗೆ ಜೋಡಿಸಬಹುದು, ಅದೇ ‘ಇಳಿ’ಯನ್ನು ಮರಕ್ಕೂ ಮೆಟ್ಟಿಲಿಗೂ ಬಳಸಬಹುದು. ಚಿತ್ರ ಪದವಾಯಿತು. ಪಾಣಿನಿಯ ಹೆಸರನ್ನೂ ಕೇಳದ, ಯಾವ ಶಬ್ದವನ್ನೂ ಕೇಳದ ಮಕ್ಕಳು ಮಾಡಿದ ಕೆಲಸವಿದು.

“ಮಕ್ಕಳು ದೇವರ ಸಮಾನ” ಎಂದು ಹೇಳಿ ಕೈಮುಗಿದುಬಿಡುವುದು ನಮಗೆ ಸುಲಭ. ಕೈಮುಗಿದವರು ಅದು ಏನು ಮಾಡುತ್ತಿದೆಯೆಂದು ನೋಡುವ ಗೋಜಿಗೆ ಹೋಗುವುದಿಲ್ಲ. ನಿಕರಾಗುವದ ಮಕ್ಕಳಲ್ಲಿ ಈ ಶಕ್ತಿ ೧೯೭೭ಕ್ಕೆ ಮುಂಚೆ ಇರಲಿಲ್ಲವೇ? ಇತ್ತು. ಒಂಟಿಯಾಗಿತ್ತು, ಅದಕ್ಕೆ ವ್ಯರ್ಥವಾಯಿತು. ಒಂದು ಮಗು ಒಂಟಿಯಾಗಿ ಇಷ್ಟು ದೊಡ್ಡ ಭಾಷೆಯನ್ನು ಕಟ್ಟಲಾರದು. ದೊಡ್ಡವರಿಂದಾದ ಮಹದುಪಕಾರವೆಂದರೆ ಅವರನ್ನು ಒಂದೆಡೆ ಕೂಡಿಸಿದ್ದು. ಪಾಠದಿಂದಲ್ಲ, ಅಂಗಳದಿಂದ ಉಪಕಾರವಾಯಿತು. ಇನ್ನೊಂದು ಮಾತು. ಹದಿಹರೆಯ ದಾಟಿ ಆ ಶಾಲೆಗೆ ಬಂದವರಿಗೆ ಚಿಕ್ಕವರ ನಿರರ್ಗಳತೆ ಬರಲೇ ಇಲ್ಲ. ಅವರಿಗೆ ಬುದ್ಧಿ ಕಡಿಮೆಯಿತ್ತೆಂದಲ್ಲ, ಹೊತ್ತು ಮೀರಿತ್ತು.

ಆದ್ದರಿಂದಲೇ ಈ ಕಥೆಯನ್ನು ಇಲ್ಲಿ ತೆಗೆದೆವು. ನಮ್ಮ ಹಳ್ಳಿಗಳಲ್ಲಿ ಮಗು ಎರಡು ವರ್ಷಕ್ಕೆ ಮಾತನಾಡದಿದ್ದರೆ “ಅವರಪ್ಪನೂ ತಡವಾಗಿಯೇ ಮಾತಾಡಿದ” ಎನ್ನುತ್ತಾರೆ. ಮೂರಕ್ಕೆ ಹರಕೆ, ನಾಲ್ಕಕ್ಕೆ ತಾಯಿತ. ಐದಕ್ಕೆ “ಮೂಗ” ಎಂದು ಹೆಸರಿಟ್ಟು ದನದ ಹಿಂದೆ ಕಳಿಸುತ್ತಾರೆ. ಆ ಐದು ವರ್ಷಗಳೇ ಮಗುವಿಗೆ ಭಾಷೆ ಹಿಡಿಯುವ ಸುಗ್ಗಿಯ ಕಾಲ. ಹರಕೆ ಬೇಡವೆನ್ನುವುದಿಲ್ಲ, ಅದಕ್ಕೆ ಮೊದಲು ಕಿವಿಯ ಪರೀಕ್ಷೆಯಾಗಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಹುಟ್ಟಿದ ಕೆಲವೇ ದಿನಗಳ ಕೂಸಿನ ಕಿವಿಯನ್ನೂ ನೋವಿಲ್ಲದೆ, ಅದು ನಿದ್ರಿಸುತ್ತಿರುವಾಗಲೇ, ಕೆಲವು ನಿಮಿಷಗಳಲ್ಲಿ ಪರೀಕ್ಷಿಸುವ ಯಂತ್ರಗಳು ಈಗ ಇವೆ. ಕಿವಿಗೆ ಉಪಕರಣ ಇಡುವುದಾದರೂ, ಶಸ್ತ್ರಚಿಕಿತ್ಸೆಯಾದರೂ, ಬೇಗ ಆದಷ್ಟೂ ಫಲ ಹೆಚ್ಚು.

ಸನ್ನೆ ಕಲಿಸಿದರೆ ಮಗು ಬಾಯಿ ಬಿಡುವುದೇ ಇಲ್ಲವೆಂಬ ಅಂಜಿಕೆ ಹಲವು ತಾಯಂದಿರಿಗಿದೆ. ಅದು ಹುಸಿ ಅಂಜಿಕೆ. ಕೈಯ ಭಾಷೆ ಬಾಯ ಭಾಷೆಗೆ ಅಡ್ಡಬರುವುದಿಲ್ಲ. ಯಾವ ಭಾಷೆಯೂ ಇಲ್ಲದೆ ವರ್ಷಗಳು ಕಳೆಯುವುದೇ ಅಡ್ಡ. ಭಾರತೀಯ ಸಂಜ್ಞಾಭಾಷೆಗೆಂದೇ ೨೦೧೫ರಲ್ಲಿ ದೆಹಲಿಯಲ್ಲಿ ಕೇಂದ್ರವೊಂದು ಸ್ಥಾಪನೆಯಾಯಿತು. ಅದು ೨೦೨೧ರಲ್ಲಿ ಹೊರತಂದ ನಿಘಂಟಿನಲ್ಲಿ ೧೦,೦೦೦ ಪದಗಳಿವೆ. ಮಗು ಕಲಿತರೆ ಸಾಲದು, ಮನೆಯವರೂ ಕಲಿಯಬೇಕು. ನಲವತ್ತು ವರ್ಷದ ಅಪ್ಪನ ಬೆರಳು ಬೇಗ ಬಗ್ಗುವುದಿಲ್ಲ, ಅಜ್ಜಿಗೆ ನೆನಪು ನಿಲ್ಲುವುದಿಲ್ಲ. ಚಿಂತೆಯಿಲ್ಲ. ಮಗುವಿನ ಎದುರಿಗೆ ಕುಳಿತು ತಪ್ಪುತಪ್ಪಾಗಿಯೇ ಮಾಡಿ ತೋರಿಸಿರಿ. ಅದು ನಗುತ್ತದೆ, ನಿಮ್ಮ ಬೆರಳು ಹಿಡಿದು ಸರಿಮಾಡುತ್ತದೆ.